ನಿಲ್ತದೆ, ನಿಲ್ಲೋದಿಲ್ಲ

ಮೂರು ಜನ ಹೊತ್ತು ತಂದು ಅಂಗಡಿ ಕಟ್ಟೆಯ ಮೇಲಿಟ್ಟರು.
"ಶುರುವಾಗ್ತದೆ ಗುತ್ಯಕ್ಕ, ಆದ್ರೆ ನಿಲ್ಲೋದಿಲ್ಲ" ಅಂದ ಕೆರಿಯಪ್ಪ.
"ಹಂಗಲ್ಲ ಮಾರಾಯ, ನಿಂತೇ ಹೋಗ್ತದೆ" ಅಂದ ಜಾಫರ್.
ಇಬ್ಬರದೂ ಒಂದೇ ದೂರು.
ಬಾಳುವುದಕ್ಕೂ ಸಾಯುವುದಕ್ಕೂ ನಮ್ಮಲ್ಲಿ
ಒಂದೇ ಮಾತು. ಸ್ಪ್ಯಾನರು ಹುಡುಕುತ್ತ
ನಕ್ಕೆ, ಅವರಿಗೆ ತಿಳಿಯಲಿಲ್ಲ.

ಮೇ ಕೊನೆಗೆ ಸೊಸೈಟಿಯ ಗೊಬ್ಬರದ ಗೋಡೌನಿನಲ್ಲಿ
ಗೋಣಿ ಹೊದೆಸಿ ಇಟ್ಟ ಜನರೇಟರು.
ಈಗ ದೀಪಾವಳಿ ಕಳೆದು ಎಂಟು ದಿನ.
ಇವತ್ತು ರಾತ್ರಿ ರಿಪ್ಪನ್‌ಪೇಟೆ ಹೈಸ್ಕೂಲು ಮೈದಾನದಲ್ಲಿ
ಹೊನಲು ಬೆಳಕಿನ ವಾಲಿಬಾಲ್.
ಹದಿನಾರು ತಂಡ, ಎರಡು ಟಗರು ಬಹುಮಾನ,
ಹೊನಲು ಹೋಗಲಿ, ಹನಿ ಬೆಳಕಿಗೂ ಗತಿಯಿಲ್ಲ.

ಮುಚ್ಚಳ ತಿರುಗಿಸಿ ಮೂಸಿದೆ.
ಪೆಟ್ರೋಲೇ ಅಲ್ಲ ಅದು, ಬಾಗಿಲಿಗೆ ಬಳಿದು
ತಳದಲ್ಲಿ ಉಳಿಸಿದ ವಾರ್ನಿಷ್.
ಐದು ತಿಂಗಳು ಸುಮ್ಮನೆ ಕೂತರೆ
ಯಾರಿಗೆ ತಾನೆ ಹುಳಿ ಬರುವುದಿಲ್ಲ?
ಬಕೆಟ್ಟಿಗೆ ಬಗ್ಗಿಸಿದೆ. ಹಗ್ಗ ಎಳೆದದ್ದಕ್ಕೆ
ಜಾಫರನ ರಟ್ಟೆ ಆಗಲೇ ಊದಿತ್ತು.

ಚೋಕು ಎಳೆದರೆ ಕೆಮ್ಮಿ ಕೆಮ್ಮಿ ಓಡುವುದು,
ಚೋಕು ತಳ್ಳಿದರೆ ತಣ್ಣಗಾಗುವುದು.
ಅಂದರೆ ಗಂಟಲು ಕಟ್ಟಿದೆ.
ಕಾರ್ಬೊರೇಟರು ಬಿಚ್ಚಿದೆ. ಬಟ್ಟಲಲ್ಲಿ
ಜೋನಿಬೆಲ್ಲದಂಥ ಹಸಿರು ಅಂಟು.
ಜೆಟ್ಟನ್ನು ಬೆಳಕಿಗೆ ಹಿಡಿದೆ:
ಆಚೆ ಕಡೆ ಆಕಾಶ ಇರಬೇಕಾದಲ್ಲಿ ಕತ್ತಲೆ.

ಅಪ್ಪನ ಹಾರ್ಲಿಕ್ಸ್ ಬಾಟಲಿ ಇಳಿಸಿದೆ.
ಸೀಮೆಎಣ್ಣೆ ಸ್ಟೌವಿನ ಪಿನ್ನುಗಳು,
ತಗಡಿನ ಪಟ್ಟಿ, ತುದಿಗೆ ಕೂದಲಿನಷ್ಟು ತಂತಿ.
ಆರು ಡಜನ್ ಕೊಂಡಿದ್ದ, ನಾಲ್ಕು ಡಜನ್ ಉಳಿದಿವೆ.
ಸ್ಟೌ ಹೋಯಿತು, ಸೀಮೆಎಣ್ಣೆ ಹೋಯಿತು,
ಪಂಪು ಹೊಡೆದು ಹೊಡೆದು ಅವನೂ ಹೋದ.
ಬೋರ್ಡಿನ ಮೇಲೆ ಮಾತ್ರ ಇನ್ನೂ
'ಎಲ್ಲಾ ತರದ ಸ್ಟೌ ರಿಪೇರಿ'.
ಒಂದು ಪಿನ್ನು, ಒಂದೇ ಚುಚ್ಚು.
ತೂತಿನಾಚೆ ಸಾಸಿವೆಯಷ್ಟು ಆಕಾಶ ಕಂಡಿತು.

ಹೊಸ ಪೆಟ್ರೋಲು ಹೊಯ್ದು ಮುಚ್ಚಳ ಬಿಗಿದೆವು.
ಎರಡನೇ ಎಳೆತಕ್ಕೆ ಹೊತ್ತಿಕೊಂಡಿತು.
ಚೋಕು ತಳ್ಳಿದೆ, ಓಡಿತು. ಕೆರಿಯಪ್ಪ ಶಿಳ್ಳೆ ಹಾಕಿದ.
ಚಾ ಬಂತು. ಕಾಸಿನ ಮಾತೂ ಬಂತು.
ಏಳನೇ ನಿಮಿಷಕ್ಕೆ ಏದುಸಿರು ಬಿಟ್ಟು
ನಿಂತಿತು.

ಮತ್ತೆ ಎಳೆದರೆ ಮತ್ತೆ ಏಳು ನಿಮಿಷ.
ಪ್ಲಗ್ಗು ಒರೆಸಿದೆ. ಫಿಲ್ಟರು ಕೊಡವಿದೆ.
"ಶಿವಮೊಗ್ಗಕ್ಕೇ ಒಯ್ಯೋಣ" ಅಂತ ಯಾರೋ ಪಿಸುಗುಟ್ಟಿದ,
ನನಗೆ ಕೇಳಿಸುವಷ್ಟು ಮೆಲ್ಲಗೆ.
ಗಂಟೆ ನಾಲ್ಕೂವರೆ.

ಸಿಟ್ಟಿಗೆ ಟ್ಯಾಂಕಿನ ಮುಚ್ಚಳ ತಿರುವಿದೆ.
ಹುಸ್ಸ್ ಎಂದಿತು.
ನೀರಿನಡಿ ಮುಳುಗಿದ್ದವರು
ತಲೆ ಎತ್ತಿದ ಹಾಗೆ.

ಮುಚ್ಚಳ ಮಗುಚಿ ನೋಡಿದೆ.
ಮೇಲೊಂದು ಮಣ್ಣಿನ ಗುಬುಟು. ಬೆಳಗಿನಿಂದ ಎಲ್ಲರೂ
ಕಂಡದ್ದೇ, ಕೆಸರು ಸಿಡಿದದ್ದು ಎಂದುಕೊಂಡದ್ದೇ.
ಕುಂಬಾರ ಹುಳದ ಗೂಡು ಅದು, ಗಡಿಗೆಯ ಕಂಠವೂ ಇತ್ತು.
ಗಾಳಿ ಹೋಗಲೆಂದು ಕಂಪನಿಯವರು ಕೊರೆದ ತೂತನ್ನು
ತನಗೆಂದೇ ಬಿಟ್ಟದ್ದೆಂದು ತಿಳಿದು
ಮಳೆಗಾಲವಿಡೀ ಮನೆ ಕಟ್ಟಿದೆ.
ಎಣ್ಣೆ ಇಳಿಯಬೇಕಾದರೆ ಗಾಳಿ ಒಳಬರಬೇಕು.
ಇದು ಅಪ್ಪ ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ,
ಹಾಲಿನ ಡಬ್ಬಕ್ಕೆ ಎರಡು ತೂತು ಹೊಡೆಯುವ
ಯಾವ ಹೆಂಗಸಿಗೂ ಗೊತ್ತು.

ಇಡಿಯಾಗಿ ತೆಗೆಯಲು ನೋಡಿದೆ. ಒಡೆಯಿತು.
ಒಳಗೆ ಹಸಿರು ಹುಳು, ಅರ್ಧ ಜೀವ,
ಇನ್ನೂ ಹುಟ್ಟದವರಿಗೆ ಕಟ್ಟಿಟ್ಟ ಬುತ್ತಿ.
ಏನು ಮಾಡಲಿ? ಕಟ್ಟೆಯ ಸಂದಿಗೆ ಸರಿಸಿ
ಪಿನ್ನು ಆಡಿಸಿದೆ.

ರಾತ್ರಿ ಎಂಟಕ್ಕೆ ಮೈದಾನದಲ್ಲಿ ಬೆಳಕು.
ಎಲ್ಲರ ಕತ್ತು ಚೆಂಡಿನ ಜೊತೆ ಮೇಲೆ ಕೆಳಗೆ.
ಮೈಕಿನವ ದಾನಿಗಳ ಹೆಸರು ಓದುತ್ತಿದ್ದ,
ನನ್ನದಿರಲಿಲ್ಲ, ಇರಲಿ.
ನಾನು ಬೇಲಿಯ ಬದಿಗೆ, ಆಟಕ್ಕೆ ಬೆನ್ನು ಕೊಟ್ಟು,
ಕಿವಿಯಷ್ಟೇ ತೆರೆದು ನಿಂತಿದ್ದೆ.
ಐದು. ಆರು.
ಏಳು.
ಯಾರೋ ಸ್ಮ್ಯಾಶ್ ಹೊಡೆದಿರಬೇಕು, ಊರೇ ಕೂಗಿತು,
ಆ ಕೂಗಿನಡಿಯಲ್ಲಿ ಇಂಜಿನ್ನಿನ ಸದ್ದು
ಒಂದು ಗಳಿಗೆ ಸಿಕ್ಕಲಿಲ್ಲ ನನಗೆ.
ಮತ್ತೆ ಸಿಕ್ಕಿತು.
ಎಂಟು.