ಉಬ್ಬು

ಹೆಸರು ಉಬ್ಬಿಕೊಂಡಿತ್ತು ಅದರ ಮೇಲೆ.
ನೀಲಗಂಗಾ ಎಂ., ಬೆರಳಾಡಿಸಿದರೆ ತಾಕುತ್ತಿತ್ತು.
ರೇಷನ್ ಕಾರ್ಡಿನಲ್ಲಿ ಮೂರನೇ ಸಾಲಿನವಳು,
ಅಂಗಡಿ ಬೋರ್ಡಿನಲ್ಲಿ ಬರೀ ‘ಲೇಡೀಸ್ ಟೈಲರ್’,
ಇದರಲ್ಲಿ ಮಾತ್ರ ನಾನೊಬ್ಬಳೇ, ಬೆಳ್ಳಿ ಬಣ್ಣದಲ್ಲಿ.
ಆ ರಾತ್ರಿ ದೀಪ ಆರಿಸಿದ ಮೇಲೂ
ಕತ್ತಲಲ್ಲಿ ಎರಡು ಸಲ ಓದಿದೆ, ಹೆಬ್ಬೆರಳಿಂದ.

ಓವರ್‌ಲಾಕ್ ಮಷೀನು, ಹದಿನೆಂಟೂವರೆ ಸಾವಿರ.
ಚೌಕಿಪೇಟೆಯ ಹುಡುಗ ಕಾರ್ಡು ಉಜ್ಜಿದ,
ಚೀಟಿ ಹೊರಬಂತು ನಾಲಿಗೆ ಚಾಚಿದ ಹಾಗೆ.
ಒಂದು ನೋಟೂ ಎಣಿಸಲಿಲ್ಲ ನಾನು.
ಎಣಿಸದಿದ್ದರೆ ಕೊಟ್ಟ ಹಾಗೇ ಅನ್ನಿಸುವುದಿಲ್ಲ, ಗೊತ್ತಲ್ಲ.

ತಿಂಗಳಿಗೆ ಲೆಕ್ಕದ ಕಾಗದ ಬಂತು.
ದಪ್ಪ ಅಕ್ಷರದಲ್ಲಿದ್ದದ್ದು ಇಷ್ಟೇ:
ಮಿನಿಮಮ್, ಒಂಬೈನೂರ ಇಪ್ಪತ್ತೈದು.
ಎಂಥ ಮರ್ಯಾದಸ್ಥರಪ್ಪಾ ಅಂದುಕೊಂಡೆ.
ವಾರದ ಬಡ್ಡಿಯ ಹನುಮಕ್ಕ ಬಾಗಿಲಲ್ಲಿ ಕೂತು
ಓಣಿಗೆಲ್ಲ ಕೇಳುವಂತೆ ಕೆಮ್ಮುತ್ತಾಳೆ.
ಇವರು ಕೆಮ್ಮಲೂ ಇಲ್ಲ.

ಕಟ್ಟಿದೆ. ಮತ್ತೆ ಅಷ್ಟನ್ನೇ ಕಟ್ಟಿದೆ.
ಅಸ್ತರು, ದಾರದುಂಡೆ, ಹುಕ್ಕಿನ ಡಬ್ಬಿ
ಎಲ್ಲ ಅದರಲ್ಲೇ ತಂದೆ.
ಹಳೇ ಬಾಕಿ ಉಳಿದವರಿಗೆ
ಇವತ್ತು ತಂದ ದಾರಕ್ಕೂ ಇವತ್ತಿನಿಂದಲೇ ಬಡ್ಡಿ;
ಅದನ್ನು ಬರೆದಿದ್ದರು, ಇಲ್ಲ ಅನ್ನುವುದಿಲ್ಲ,
ಎರಡನೇ ಪುಟದ ಕೆಳಗೆ, ಎಮ್ಮಿಂಗ್ ಹೊಲಿಗೆಯಷ್ಟು ಸಣ್ಣಗೆ.
ಆಷಾಢ ಬಂತು, ಬ್ಲೌಸು ಹೊಲಿಸುವವರಿಲ್ಲ.
ಬಾಡಿಗೆಗೆಂದು ಗುಂಡಿ ಸರ್ಕಲ್ಲಿನ ಎಟಿಎಂಗೆ ಹೋಗಿ
ಅದೇ ಕಾರ್ಡು ತೂರಿಸಿ ಐದು ಸಾವಿರ ಎಳೆದೆ.
ಎಳೆದದ್ದಕ್ಕೇ ಐನೂರು ದಂಡ,
ಎಳೆದ ಗಳಿಗೆಯಿಂದಲೇ ಬಡ್ಡಿ ಓಟ.
ಯಂತ್ರ ಏನೂ ಹೇಳಲಿಲ್ಲ. ಧನ್ಯವಾದ ಅಂದಿತು.

ಮಧ್ಯೆ ಒಂದು ಫೋನು:
‘ಅಭಿನಂದನೆ ಮೇಡಂ, ನಿಮ್ಮ ಲಿಮಿಟ್ ಏರಿಸಿದ್ದೀವಿ.’
ಮೇಕೆಗೆ ಹಗ್ಗ ಉದ್ದ ಮಾಡಿ ಅಭಿನಂದನೆ.

ಪಕ್ಕದ ಭಟ್ಟಿಯಲ್ಲಿ ಖೈರುನ್‌ಬಿ ಮಂಡಕ್ಕಿ ಹುರಿಯುತ್ತಾಳೆ.
ಕಾದ ಮರಳಿಗೆ ಒಂದು ಸೇರು ಅಕ್ಕಿ,
ಜರಡಿ ಎತ್ತುವಷ್ಟರಲ್ಲಿ ಬುಟ್ಟಿ ತುಂಬಿ ಚೆಲ್ಲುತ್ತದೆ.
ಒಂದಿನ ಆ ಕಾಗದ ಹಿಡಿದು ಅವಳ ಹೊಸ್ತಿಲಲ್ಲಿ ಕೂತಿದ್ದೆ.
‘ನನ್ನ ಸಾಲಾನೂ ಹಿಂಗೇ ನೋಡು ಖೈರುನ್.’
ಹೊಗೆಗೆ ಕೆಂಪಾದ ಕಣ್ಣು ಸೆರಗಲ್ಲಿ ಒರೆಸಿ ನಕ್ಕಳು.
‘ಹಿಂಗಲ್ಲ ಬಿಡಕ್ಕಾ. ಇದು ಉಬ್ಬತೈತಿ,
ತೂಕ ಹೆಚ್ಚಂಗಿಲ್ಲ.
ಇಡೀ ಚೀಲ ನನ್ನ ಮಗಳು ಒಂದೇ ಕೈಲಿ ಎತ್ತತಾಳ.
ನಿಂದು ಎತ್ತಿ ನೋಡು.’

ಎತ್ತಿ ನೋಡಿದೆ ಆ ರಾತ್ರಿ,
ನಮೂನೆ ಕತ್ತರಿಸುವ ಖಾಕಿ ಕಾಗದದ ಮೇಲೆ.
ಸಾವಿರ ಕಟ್ಟಿದರೆ ಎಂಟುನೂರು ಚಿಲ್ಲರೆ
ಬಡ್ಡಿಗೆ, ಬಡ್ಡಿಯ ಮೇಲಿನ ತೆರಿಗೆಗೆ.
ಅಸಲಿನ ಬಾಯಿಗೆ ಬಿದ್ದದ್ದು ಇನ್ನೂರೂ ಅಲ್ಲ.
ಒಟ್ಟು ಮೂವತ್ತೊಂದು ಸಾವಿರದ ಇನ್ನೂರು.
ಅಳತೆ ತಗೊಳ್ಳದೆ ಯಾರ ಬಟ್ಟೆಗೂ ಕತ್ತರಿ ಇಡದವಳು
ಇದಕ್ಕೆ ಮಾತ್ರ ಕಣ್ಣಂದಾಜು ಹಾಕಿದ್ದೆ.

ಸಂಘದಲ್ಲಿ ಕಡಿಮೆ ಬಡ್ಡಿಗೆ ಎತ್ತಿ
ಇದನ್ನು ಒಂದೇ ಏಟಿಗೆ ತೀರಿಸಿದೆ.
ಸಂಘದ್ದು ತೀರಲು ಇನ್ನೂರ ಹದಿನಾಲ್ಕು ಬ್ಲೌಸು.
ಅದರಲ್ಲಿ ಒಂದು ಹನುಮಕ್ಕನದೇ,
ಮಗಳ ಮದುವೆಗೆ, ಬೆನ್ನಿಗೆ ಲಾಡಿ ಬೇಕೆಂದಳು.

ಕತ್ತರಿಸಿ ಬಿಸಾಕು ಅಂದರು ಎಲ್ಲರೂ.
ಕೈಯಲ್ಲೇ ಕತ್ತರಿ ಇತ್ತು. ಬಿಸಾಕಲಿಲ್ಲ.
ತಪ್ಪು ಅಳತೆ ತಗೊಂಡದ್ದಕ್ಕೆ
ಟೇಪು ಯಾರಾದರೂ ಸುಡುತ್ತಾರೆಯೇ?
ಈಗಲೂ ದಾರ, ಅಸ್ತರು ಅದರಲ್ಲೇ ತರುತ್ತೇನೆ,
ಗಲ್ಲಾದಲ್ಲಿ ಅಷ್ಟು ದುಡ್ಡು ಮೊದಲೇ ಎತ್ತಿಟ್ಟು.
ಹದಿನೆಂಟಕ್ಕೆ ಕಡೇ ದಿನ, ಹದಿನೈದಕ್ಕೇ ಕಟ್ಟುತ್ತೇನೆ,
ಪೂರ್ತಿ, ಪೈಸೆ ಸಮೇತ.
ಮಿಕ್ಕ ದಿನ ಮೇಜಿನ ಮೇಲೆ ಬಿದ್ದಿರುತ್ತದೆ,
ಸೀಮೆಸುಣ್ಣದಲ್ಲಿ ಕೊರಳಿನ ಗೆರೆ ಎಳೆಯಲು
ಅದರ ಅಂಚು ಬಲು ನೆಟ್ಟಗಿದೆ.

ಮೊನ್ನೆ ಅವಧಿ ಮುಗಿದು ಹೊಸದು ಬಂತು.
ಇದರಲ್ಲಿ ಹೆಸರು ಉಬ್ಬಿಲ್ಲ, ಚಪ್ಪಟೆ.
ಬೆರಳಿಗೆ ಏನೂ ತಾಕುವುದಿಲ್ಲ.
ದೀಪ ಹಾಕಿಯೇ ಓದಬೇಕು.