ಮೂರನೆಯ ರವಿವಾರ

ಜತ್ತದಿಂದ ಉಮದಿಗೆ ಹೋಗುವ ಕೆಂಪು ಎಸ್‌ಟಿಯಲ್ಲಿ
ನನ್ನ ಟ್ರಂಕಿಗೂ ಟಿಕೀಟು ಹರಿಯುತ್ತಾನೆ ಕಂಡಕ್ಟರು.
"ಏನೈತಿ ಒಳಗ?" ಅಂದ ಒಮ್ಮೆ.
"ಇತಿಹಾಸ" ಅಂದೆ.
"ಸೋರೂದಿಲ್ಲಲ್ಲ?" ಎಂದು ಕಾಲಿನಿಂದ ಸೀಟಿನಡಿ ತಳ್ಳಿದ.

ಮರಡಿಹಾಳದ ತಗಡಿನ ಸಭಾಗೃಹದ ಮೇಲೆ
ಬೋರ್ಡು ಮರಾಠಿಯಲ್ಲಿ: ಜ್ಯೇಷ್ಠ ನಾಗರಿಕ ಸಂಘ.
ಅದರಡಿ ಕೂತವರ ಕೆಮ್ಮು, ಬೈಗುಳ,
ಸಕ್ಕರೆ ಕಾಯಿಲೆಯ ಗುಳಿಗೆಯ ಲೆಕ್ಕ
ಎಲ್ಲ ಕನ್ನಡದಲ್ಲಿ.

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ
ಪಾಣಿಪತ್ತಿನ ಯುದ್ಧ ಕಲಿಸಿದವಳು ನಾನು.
ಈ ಊರ ಬಾವಿ ತೋಡಿದವರು ಯಾರೆಂದು
ಒಬ್ಬ ಹುಡುಗನೂ ಕೇಳಲಿಲ್ಲ,
ನಾನೂ.
ಪೆನ್ಶನ್ನಿನ ಜೊತೆ ಬಂದ ಹುಚ್ಚು ಇದು.

ಮೊದಲ ತಿಂಗಳು ಬಿಳಿ ಚಾದರ ಕಟ್ಟಿ ಚಿತ್ರ ತೋರಿಸಿದೆ.
ಕತ್ತಲು ಮಾಡಿದ್ದಕ್ಕೆ ಅರ್ಧ ಮಂದಿ ನಿದ್ದೆ ಹೋದರು.
ಎರಡೂ ಕಣ್ಣಿಗೆ ಪೊರೆ ಬಂದ ಬಾಬಾಲಾಲ ನದಾಫ
"ಗ್ವಾಡಿ ಮ್ಯಾಲಿಂದು ನನಗೇನು ಕಂಡೀತು,
ಕೈಯಾಗ ಕೊಡ್ರಿ ಅಕ್ಕೋರ" ಅಂದರು.

ಅಂದಿನಿಂದ ಟ್ರಂಕು.
ಉಣ್ಣೆ ನೂಲುವ ಕದರು, ಎತ್ತಿನ ಕೊರಳ ಗೆಜ್ಜೆ,
ಮಡಗ್ಯಾಳದ ಕುರಿಯ ತುಪ್ಪಟ ಕತ್ತರಿಸುತ್ತಿದ್ದ ಕತ್ತರಿ,
ಮೋಡಿ ಲಿಪಿಯ ಎರಡು ಪಾವತಿ.
ಹತ್ತಿ ಹಿಂಜುವ ಬಿಲ್ಲು ಕೊಟ್ಟಾಗ ಬಾಬಾಲಾಲ
ನಾರಿಯನ್ನು ಕಿವಿಯ ಹತ್ತಿರ ಮೀಟಿ
"ಇದು ದುಡಿದ ಬಿಲ್ಲಲ್ಲ,
ಯಾರೋ ಶೋಕಿಗೆ ಮಾಡ್ಸಿದ್ದು" ಎಂದು ವಾಪಸು ಕೊಟ್ಟರು.
ಇನ್ನೂರು ರೂಪಾಯಿ ಕೊಟ್ಟು ತಂದಿದ್ದೆ.

ಈ ತಿಂಗಳು ನಮ್ಮ ಮನೆಯದೇ ತಂದೆ:
ಹಿತ್ತಾಳೆ ಸೇರು, ಮುತ್ತ್ಯಾನ ಅಂಗಡಿಯದು.
ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸಿದ್ದೆ.
ಹೊರಮೈಯ ಸರಕಾರಿ ಮುದ್ರೆ ತೋರಿಸಿ
ಅಳತೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿದೆ.
ಪಾವು, ಚಟಾಕು, ಅಡಸೇರಿ ಅನ್ನುತ್ತ
ಕೈಯಿಂದ ಕೈಗೆ ಹೋಯಿತು ಸೇರು.
ರೇವಪ್ಪ ಚೌಗುಲೆ ಟೊಪ್ಪಿಗೆ ತೆಗೆದು
ಅದನ್ನು ತಲೆಗಿಟ್ಟುಕೊಂಡ. ಎಲ್ಲರೂ ನಕ್ಕರು.

ಜಕ್ಕವ್ವ ಲವಟೆ ನಗಲಿಲ್ಲ.
ಬೆರಳು ತಳ ಮುಟ್ಟುವ ತನಕ
ಸೇರಿನೊಳಗೆ ಕೈ ಇಳಿಬಿಟ್ಟಳು,
ಅಂಚು ಎಲ್ಲಿಗೆ ಬಂತೆಂದು ಹೆಬ್ಬೆರಳಿಂದ ಗುರುತು ಹಿಡಿದು
ಅದೇ ಕೈಯನ್ನು ಹೊರಮೈಗೆ ಆನಿಸಿದಳು.
ಬೆರಳ ತುದಿಯ ಕೆಳಗೆ
ಎರಡು ಬೆರಳಗಲ ಹಿತ್ತಾಳೆ ಉಳಿಯಿತು.

"ಅರಗು ಹೊಯ್ದಾರ" ಅಂದಳು, ಯಾರಿಗೂ ಅಲ್ಲ.
"ರಾತ್ರಿ ಅವರ ಹೊಲದಾಗ ಕುರಿ ತರುಬಿದರ
ಮುಂಜಾನೆ ಎರಡು ಸೇರು ಜ್ವಾಳ.
ನಾನ ಹೋಗಿ ತರತಿದ್ದೆ, ಒಂಬತ್ತು ವರ್ಸದಾಕಿ.
ಮನ್ಯಾಗ ಅವ್ವ ಬುಟ್ಟಿಗೆ ಸುರುವಿದರ
ಸುಣ್ಣದ ಗೆರಿ ಮುಟ್ಟತಿರಲಿಲ್ಲ.
ದಾರ್ಯಾಗ ನೀನ ಮುಕ್ಕೀದಿ ಅಂತ
ಕುರಿ ಕಟ್ಟೂ ಹಗ್ಗದಲೆ ಬಡೀತಿದ್ದಳು.
ಸಾಯೂತನಕ ನಂಬಲಿಲ್ಲ ನನ್ನ."

ಹೊರಗೆ ಯಾರದೋ ಟ್ರ್ಯಾಕ್ಟರು ಹಾದುಹೋಯಿತು,
ಹಿಂದಿ ಹಾಡಿನ ಸಮೇತ.
"ಯಾರ ಮನೀದ್ರಿ ಅಕ್ಕೋರ, ಸೇರು?" ಅಂದ ರೇವಪ್ಪ.
ಸಂಗ್ರಹದ್ದು, ಅನ್ನಬಹುದಿತ್ತು.
ನಾಲಿಗೆಯ ಮೇಲೇ ಇತ್ತು ಆ ಮಾತು.
"ನಮ್ಮ ಮನೀದು."

ಜಕ್ಕವ್ವ ನನ್ನ ಕಡೆ ನೋಡಲಿಲ್ಲ.
ಸೇರನ್ನು ಮಡಿಲಲ್ಲಿಟ್ಟುಕೊಂಡು
ಬಿಸ್ಕೀಟು ಅದ್ದಿ ಅದ್ದಿ ಚಹಾ ಕುಡಿದಳು.

ವಹಿಯಲ್ಲಿ ಮೊದಲೇ ಬರೆದಿಟ್ಟಿದ್ದೆ:
ಹಿತ್ತಾಳೆ ಸೇರು, ಒಂದು. ಸುಸ್ಥಿತಿಯಲ್ಲಿದೆ.
ಅದರ ಮೇಲೆ ಗೆರೆ ಎಳೆದು
ಎಲ್ಲರಿಗೂ ಕೇಳುವಂತೆ ಓದುತ್ತ ಬರೆದೆ:
ಎರಡು ಬೆರಳು ಕಡಿಮೆ.
ಹೇಳಿದವರು ಜಕ್ಕವ್ವ ಲವಟೆ.
ದಾರಿಯಲ್ಲಿ ತಿಂದವಳು ಅವಳಲ್ಲ.

"ಇನ್ನೊಮ್ಮೆ ಓದ್ರಿ" ಅಂದಳು.
ಓದಿದೆ.
"ಅವ್ವನ ಹೆಸರು ಹಾಕ್ರಿ. ಕೆಂಚವ್ವ."
ಹಾಕಿದೆ.

ಟ್ರಂಕಿನ ಚಿಲಕ ಹಾಕುವಾಗ ಬಾಬಾಲಾಲ,
ದನಿ ಬಂದ ಕಡೆ ಮುಖ ತಿರುಗಿಸಿ:
"ತಕ್ಕಡಿ ಇದ್ದರ ಅದನ್ನೂ ತರ್ರಿ ಮುಂದಿನ ತಿಂಗಳ."

ಇದೆ. ಅಟ್ಟದ ಮೇಲೆ, ಗೋಣಿಚೀಲದಲ್ಲಿ.
ಈ ಸಲ ಬೆಳಗಿಸದೆ ತರುತ್ತೇನೆ.