ಎರಡು ಪೈಪು

ಕಲ್ಲಟ್ಟಿಯ ಮೂವತ್ತಾರು ತಿರುವು ಇಳಿವಾಗ
ಹೀಟರಿನ ಬಾಯಿಂದ ಬಂದದ್ದು
ಮುದಿ ನಾಯಿಯ ಉಸಿರಷ್ಟು ಬಿಸಿ.
ಬನೀನಿನ ಚೂರಲ್ಲಿ ಗಾಜು ಒರೆಸಿ ಒರೆಸಿ
ಕ್ಯಾರೆಟ್ ಮೂಟೆ ಗುಂಡ್ಲುಪೇಟೆ ಮುಟ್ಟಿಸುತ್ತಿದ್ದೆ.

ಕೂಲಂಟ್ ತುಂಬಿಸಿದ್ದಾಯಿತು. ಥರ್ಮೋಸ್ಟಾಟ್ ಹೊಸದು.
ಬ್ಲೋವರ್ ಕೂಗುತ್ತದೆ, ಕೂಗುತ್ತದೆ ಅಷ್ಟೇ.

ಆರೋಗ್ಯಸ್ವಾಮಿ ಬಾನೆಟ್ ಎತ್ತಿ
ನನ್ನ ಕೈ ಹಿಡಿದೇ ಇಟ್ಟ:
‘ಇದು ಹೋಗುವ ಪೈಪು.’ ಸುಟ್ಟಿತು.
‘ಇದು ಬರುವ ಪೈಪು.’
ಜ್ವರ ಬಿಟ್ಟ ಮಗುವಿನ ಹಣೆ.
‘ನಡುವೆ ಯಾರೋ ಅಡ್ಡ ಕೂತಿದಾರೆ.’

ಇಂಜಿನ್ ಆರಲಿ ಅಂತ ಎರಡೆರಡು ಟೀ.
ಆಮೇಲೆ ಎರಡನ್ನೂ ಬಿಚ್ಚಿ
ಬರುವ ಕಡೆಯಿಂದ ನೀರು ಹಿಂದಕ್ಕೆ ಬಿಟ್ಟ.
ಮೊದಲು ತುಕ್ಕು. ಆಮೇಲೆ ಕೆಸರು.
ಆಮೇಲೆ, ನೀವು ನಂಬಲಿಕ್ಕಿಲ್ಲ,
ಅರಿಶಿನ.

ಗಾಡಿ ನನಗೆ ಮಾರಿದ ಬೆಳ್ಳಿಯಣ್ಣ
ಯಾವುದೋ ತಿರುವಲ್ಲಿ ರೇಡಿಯೇಟರ್ ಸೋರಿದಾಗ
ಸಂತೆಯ ಪೊಟ್ಟಣ ಒಡೆದು ಸುರಿದಿದ್ದನಂತೆ.
ಸೋರುವುದು ನಿಂತಿತು.
ಬಿಸಿಯೂ.
ಹನ್ನೊಂದು ಚಳಿಗಾಲ ಹಲ್ಲು ಕಡಿದು ಓಡಿಸಿದ,
ಯಾರನ್ನೂ ಕೇಳದೆ.

ಇವತ್ತು ಮೊಣಕಾಲಿಗೆ ಬಿಸಿ ತಾಗುತ್ತಿದೆ,
ಗಾಜಿನ ಮಂಜು ಕೆಳಗಿಂದ ಮೇಲಕ್ಕೆ ಬಿಡುತ್ತಿದೆ.
ತೆಪ್ಪಕಾಡು ಚೆಕ್‌ಪೋಸ್ಟಿನವನು
ಸ್ಟಿಯರಿಂಗ್ ಮೇಲಿನ ನನ್ನ ಹಳದಿ ಬೆರಳು ನೋಡಿ
ಕೇಳಿದ:
ಯಾರ ಮದುವೆ?